ಹಿಮದೊಳಗಿನ ಹುಳು, ದನದ ಮೈಮೇಲಿನ ಉಣುಗು

ಮಾರ್ಕ್ ಎ. ಲೂಯಿಸ್ ನಿರ್ದೇಶಿಸಿದ ‘ದಿ ಥಾ’ 2009ರಲ್ಲಿ ಹೆಚ್ಚು ಸದ್ದು ಮಾಡದೆ ಬಂದು ಹೋದ ಭಯಾನಕ ಚಿತ್ರ. ಎಲ್ಲರಿಗೂ ಗೊತ್ತಿರುವ ಮುಖವೆಂದರೆ ವಾಲ್ ಕಿಲ್ಮರ್ ಒಬ್ಬರದೇ. ಕೆನಡಾದ ಉತ್ತರ ತುದಿಯಲ್ಲಿ ಹಿಮ ಕರಗಿ ಮ್ಯಾಮತ್ ಎಂಬ, ಅಳಿದುಹೋದ ಆನೆಜಾತಿಯ ಪ್ರಾಣಿಯೊಂದರ ಕಳೇಬರ ಹೊರಬಿದ್ದಿದೆ. ಅದರೊಳಗೆ ಸಾವಿರಾರು ವರ್ಷ ಮರಗಟ್ಟಿ ಮಲಗಿದ್ದ ಪರಾವಲಂಬಿ ಹುಳುಗಳು ಎಚ್ಚರಗೊಳ್ಳುತ್ತವೆ. ಸಂಶೋಧನಾ ಶಿಬಿರಕ್ಕೆ ಬಂದಿಳಿದ ವಿದ್ಯಾರ್ಥಿಗಳ ಚರ್ಮದಡಿ ಅವು ಮೊಟ್ಟೆಯಿಟ್ಟು ಮರಿಯಾಗತೊಡಗಿದ ಮೇಲೆ ಕಥೆ ಇಂಥ ಚಿತ್ರಗಳ ಪರಿಚಿತ ದಾರಿ ಹಿಡಿಯುತ್ತದೆ: ಅನುಮಾನ, ಓಟ, ರಕ್ತ, ಒಬ್ಬರನ್ನೊಬ್ಬರು ಕೋಣೆಯಲ್ಲಿ ಕೂಡಿಹಾಕುವುದು.

ಆದರೆ ಒಂದು ತಿರುವು ಇದನ್ನು ಉಳಿದವುಗಳಿಂದ ಬೇರೆ ಮಾಡುತ್ತದೆ. ಕಿಲ್ಮರ್ ನಟಿಸಿರುವ ವಿಜ್ಞಾನಿ ಡೇವಿಡ್ ಕ್ರೂಯ್ಪೆನ್‌ಗೆ ಸೋಂಕು ಆಕಸ್ಮಿಕವಾಗಿ ತಗುಲಿದ್ದಲ್ಲ, ಅದನ್ನು ಆತ ಬೇಕೆಂದೇ ಬರಮಾಡಿಕೊಂಡಿದ್ದಾನೆ. ಹವಾಮಾನ ಬದಲಾವಣೆಯ ಬಗ್ಗೆ ವರ್ಷಗಟ್ಟಲೆ ಹೇಳಿದರೂ ಜಗತ್ತು ಕಿವಿಗೊಡಲಿಲ್ಲ. ಇನ್ನು ಮಾತು ಸಾಕು, ಹುಳುವನ್ನೇ ನನ್ನ ಮೈಯೊಳಗೆ ಹೊತ್ತು ಊರಿಗೆ ಒಯ್ಯುತ್ತೇನೆ, ಕೆಲವರು ಸತ್ತರೂ ಉಳಿದವರು ಎಚ್ಚೆತ್ತುಕೊಳ್ಳುತ್ತಾರೆ ಎಂಬುದು ಆತನ ಲೆಕ್ಕ. ತಂದೆಯನ್ನು ತಡೆಯುವ ಹೊಣೆ ಮಗಳ ಮೇಲೆ ಬೀಳುತ್ತದೆ. ಹುಳು ಹೊರಜಗತ್ತಿಗೆ ದಾಟಿಬಿಟ್ಟಿತೇನೋ ಎಂಬ ಸುಳಿವನ್ನೂ ಚಿತ್ರ ಕೊನೆಯಲ್ಲಿ ಬಿಟ್ಟುಕೊಡುತ್ತದೆ.

ಈ ಚಿತ್ರವನ್ನು ಅಗ್ಗದ ಹೆದರಿಕೆಯೆಂದು ಬದಿಗೆ ಸರಿಸಲು ನನಗೆ ಮನಸ್ಸಿಲ್ಲ. ಕ್ರೂಯ್ಪೆನ್‌ನ ವಾದದ ಸೌಮ್ಯ ರೂಪವನ್ನು ನಾವು ಸಭೆಗಳಲ್ಲಿ, ಪತ್ರಿಕೆಗಳಲ್ಲಿ, ಪರಿಸರ ಕಾಳಜಿಯ ಭಾಷಣಗಳಲ್ಲಿ ಪ್ರತಿದಿನ ಕೇಳುತ್ತೇವೆ. ಜನ ಹೆದರಿದರೆ ಮಾತ್ರ ಬದಲಾಗುತ್ತಾರೆ ಎಂದು ಬಹಳ ಮಂದಿ ಪ್ರಾಮಾಣಿಕವಾಗಿ ನಂಬಿದ್ದಾರೆ. ‘ಹಿಮದಡಿಯಿಂದ ಎದ್ದ ಪುರಾತನ ವೈರಸ್’ ಎಂಬ ಶೀರ್ಷಿಕೆಗಳ ಹಿಂದಿರುವುದೂ ಇದೇ ನಂಬಿಕೆ. ಹಿಮ ಕರಗುವುದು ಹೆದರಬೇಕಾದ ಸಂಗತಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಚಿತ್ರಗಳು ನಮ್ಮ ಹೆದರಿಕೆಯನ್ನು ತಪ್ಪು ದಿಕ್ಕಿಗೆ ತಿರುಗಿಸುತ್ತವೆ. ಅಪಾಯ ದೂರದಿಂದ, ಅನ್ಯ ಕಾಲದಿಂದ, ಗುರುತಿಲ್ಲದ ಜೀವಿಯೊಂದರ ರೂಪದಲ್ಲಿ ಬರುತ್ತದೆಂದು ಅವು ಕಲಿಸುತ್ತವೆ. ಉತ್ತರ ಧ್ರುವ ಪ್ರದೇಶದಲ್ಲಿ ಈಗಾಗಲೇ ಆಗಿರುವುದನ್ನು ಹತ್ತಿರದಿಂದ ನೋಡಿದರೆ ಕಾಣುವ ಚಿತ್ರ ಬೇರೆ.

ಈ ಬಗೆಯ ಕಥೆಗಳಿಗೆ ಉದ್ದನೆಯ ವಂಶಾವಳಿಯಿದೆ. ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್ 1938ರಲ್ಲಿ ಬರೆದ ನೀಳ್ಗತೆಯೊಂದು 1951ರಲ್ಲಿ ಮೊದಲು ಸಿನಿಮಾ ಆಯಿತು. 1982ರಲ್ಲಿ ಜಾನ್ ಕಾರ್ಪೆಂಟರ್ ಅದನ್ನು ‘ದಿ ಥಿಂಗ್’ ಆಗಿಸಿದರು. 1993ರಲ್ಲಿ ‘ದಿ ಎಕ್ಸ್-ಫೈಲ್ಸ್’ ಧಾರಾವಾಹಿಯ ಒಂದು ಕಂತು ಅಲಾಸ್ಕಾದ ಹಿಮದಾಳದಿಂದ ಕೊರೆದು ತೆಗೆದ ಹುಳುವಿನ ಕಥೆ ಹೇಳಿತು. 2015ರ ‘ಫಾರ್ಟಿಟ್ಯೂಡ್’ ಸರಣಿಯಲ್ಲಿ ಮತ್ತೆ ಮ್ಯಾಮತ್, ಮತ್ತೆ ಪರಾವಲಂಬಿ. ಹಳೆಯ ಕಥೆಗಳಲ್ಲಿ ರಾಕ್ಷಸ ಬಾಹ್ಯಾಕಾಶದಿಂದ ಬಂದಿರುತ್ತಿದ್ದ, ಮನುಷ್ಯನ ಕುತೂಹಲ ಅವನನ್ನು ಅಗೆದು ಎಬ್ಬಿಸುತ್ತಿತ್ತು. ‘ದಿ ಥಾ’ದಲ್ಲಿ ಯಾರೂ ಅಗೆಯುವುದಿಲ್ಲ, ಬಿಸಿಯೇ ಅಗೆಯುತ್ತದೆ. ಎಬ್ಬಿಸಿದ್ದು ಒಬ್ಬ ದುಡುಕು ಸಂಶೋಧಕನಲ್ಲ, ನಮ್ಮೆಲ್ಲರ ಹೊಗೆ ಎಂದು ಹೇಳುವಷ್ಟು ಪ್ರಾಮಾಣಿಕತೆ ಈ ಚಿತ್ರಕ್ಕಿದೆ. ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಮೊದಲು ಮ್ಯಾಮತ್‌ನ ಹೊಟ್ಟೆಯೊಳಗಿನ ಹುಳುವನ್ನೇ ನೋಡೋಣ. ಅಂಥದ್ದು ನಿಜಕ್ಕೂ ಸಿಕ್ಕಿದೆ. 1970ರ ದಶಕದ ಆರಂಭದಲ್ಲಿ ಯಾಕುಟಿಯಾದ ಶಾಂಡ್ರಿನ್ ನದಿಯ ಬಳಿ ದೊರೆತ ಮ್ಯಾಮತ್‌ನ ಜಠರದಲ್ಲಿ ಒಂದು ಬಗೆಯ ನೊಣದ ಮರಿಹುಳುಗಳಿದ್ದವು. 1973ರಲ್ಲಿ ಅವಕ್ಕೆ ಕೊಬೋಲ್ಡಿಯಾ ರುಸಾನೊವಿ ಎಂದು ಹೆಸರಿಟ್ಟರು. ಆನೆಯ ಜಠರದಲ್ಲಿ ಬೆಳೆದು, ಬಲಿತ ಮೇಲೆ ಹೊರಬಿದ್ದು ನೊಣವಾಗುವ ಜಾತಿ ಅದು. ಅದರ ಹತ್ತಿರದ ಸಂಬಂಧಿ ಇಂದಿಗೂ ಏಷ್ಯಾದ ಆನೆಗಳ ಹೊಟ್ಟೆಯಲ್ಲಿ ಬದುಕಿದೆ. ಮ್ಯಾಮತ್‌ನ ಆ ನೊಣ ಮಾತ್ರ ಎಲ್ಲಿಯೂ ಇಲ್ಲ. ಮ್ಯಾಮತ್ ಅಳಿದಾಗ ಅದೂ ಅಳಿಯಿತು.

ಇದರಲ್ಲಿ ಪರಾವಲಂಬಿ ಬದುಕಿನ ಮುಖ್ಯ ಲಕ್ಷಣವೊಂದಿದೆ. ಪರಾವಲಂಬಿ ಸಿಕ್ಕಸಿಕ್ಕವರ ಮೇಲೆ ಎರಗುವ ದರೋಡೆಕೋರನಲ್ಲ. ಆಶ್ರಯ ಕೊಟ್ಟ ಪ್ರಾಣಿಯ ರಕ್ತದ ಬಿಸಿ, ಜಠರದ ಆಮ್ಲ, ರೋಗನಿರೋಧಕ ಶಕ್ತಿ, ಅದು ಮೇಯುವ ಹುಲ್ಲು, ವಲಸೆ ಹೋಗುವ ಕಾಲ ಎಲ್ಲದಕ್ಕೂ ಲಕ್ಷಾಂತರ ವರ್ಷಗಳಲ್ಲಿ ಒಗ್ಗಿಕೊಂಡ ಜೀವಿ ಅದು. ಒಂದು ಪ್ರಾಣಿಗೆ ಇಷ್ಟು ನಿಕಟವಾಗಿ ಹೊಂದಿಕೊಂಡದ್ದು ಇನ್ನೊಂದರ ದೇಹದೊಳಗೆ ಮರುದಿನವೇ ಸಂಸಾರ ಹೂಡುವುದು ಬಹಳ ಅಪರೂಪ. ರೋಗಗಳು ಪ್ರಾಣಿಯಿಂದ ಮನುಷ್ಯನಿಗೆ ದಾಟುವುದಿಲ್ಲವೆಂದಲ್ಲ, ದಾಟುತ್ತಲೇ ಇವೆ. ಆದರೆ ಅವು ದಾಟುವುದು ನಿತ್ಯದ ಒಡನಾಟದಲ್ಲಿ. ಒಂದೇ ಹುಲ್ಲುಗಾವಲು, ಒಂದೇ ಕೊಟ್ಟಿಗೆ, ಒಂದೇ ಸಂತೆಯಲ್ಲಿ ಸಾವಿರಾರು ಸಲ ಮುಖಾಮುಖಿಯಾದ ಮೇಲೆ ಎಂದೋ ಒಮ್ಮೆ ಬಾಗಿಲು ತೆರೆದುಕೊಳ್ಳುತ್ತದೆ. ಹತ್ತು ಸಾವಿರ ವರ್ಷ ಮನುಷ್ಯರ ಮುಖವನ್ನೇ ಕಾಣದ ಹುಳುವಿಗೆ ಆ ಅವಕಾಶ ಕಡಿಮೆ.

ಹಾಗಾದರೆ ಹಿಮದಿಂದ ಯಾವುದೂ ಜೀವಂತವಾಗಿ ಏಳುವುದಿಲ್ಲವೇ? ಏಳುತ್ತದೆ. ಸೈಬೀರಿಯಾದ ಕೊಲಿಮಾ ನದಿಯ ದಂಡೆಯಲ್ಲಿ ಸುಮಾರು 40 ಮೀಟರ್ ಆಳದ ಹೆಪ್ಪುಗಟ್ಟಿದ ಮಣ್ಣಿನಲ್ಲಿ, ಅಳಿಲಿನ ಜಾತಿಯ ಪ್ರಾಣಿಯೊಂದರ ಹಳೆಯ ಬಿಲದಲ್ಲಿ ಸಿಕ್ಕ ದುಂಡುಹುಳುಗಳನ್ನು ರಷ್ಯಾದ ವಿಜ್ಞಾನಿಗಳು ನೀರಿನಲ್ಲಿ ನೆನೆಸಿ ಎಬ್ಬಿಸಿದರು. 2018ರಲ್ಲಿ ಸುದ್ದಿ ಹೊರಬಿತ್ತು. 2023ರಲ್ಲಿ ಜರ್ಮನಿಯ ಸಂಶೋಧಕರ ಜೊತೆ ಸೇರಿ ಪ್ರಕಟಿಸಿದ ವಿವರದ ಪ್ರಕಾರ ಅವು ಸುಮಾರು 46,000 ವರ್ಷ ನಿದ್ರಿಸಿದ್ದವು. ಎಲ್ಲವೂ ಹೆಣ್ಣು. ಗಂಡಿನ ಹಂಗಿಲ್ಲದೆ ಮೊಟ್ಟೆಯಿಟ್ಟು ಪ್ರಯೋಗಾಲಯದ ತಟ್ಟೆಯಲ್ಲೇ ತಲೆಮಾರುಗಳನ್ನು ಬೆಳೆಸಿದವು. ಉಸಿರು, ಹಸಿವು, ಚಲನೆ ಎಲ್ಲವನ್ನೂ ನಿಲ್ಲಿಸಿ, ಟ್ರೆಹಲೋಸ್ ಎಂಬ ಸಕ್ಕರೆಯ ಕಾವಲಿನಲ್ಲಿ ಸಾವು ಬದುಕಿನ ನಡುವೆ ನಿಲ್ಲುವ ವಿದ್ಯೆ ಅವಕ್ಕೆ ಗೊತ್ತು. ಸಿನಿಮಾದ ಕಲ್ಪನೆಗೆ ವಾಸ್ತವ ಇದಕ್ಕಿಂತ ಹತ್ತಿರ ಬಂದದ್ದಿಲ್ಲ. ಆದರೆ ಆ ಹುಳು ಪರಾವಲಂಬಿಯಲ್ಲ. ಅರ್ಧ ಲಕ್ಷ ವರ್ಷದ ನಿದ್ರೆಯಿಂದ ಎದ್ದು ಅದು ತಿಂದದ್ದು ಬ್ಯಾಕ್ಟೀರಿಯಾ. ಇದನ್ನು ಓದಿದಾಗ ನನಗೆ ಹೆದರಿಕೆಯಾಗಲಿಲ್ಲ, ಜೀವದ ಹಟದ ಮುಂದೆ ಮನಸ್ಸು ಬಾಗಿತು.

ವೈರಸ್‌ಗಳ ವಿಷಯ ಇನ್ನಷ್ಟು ಸೂಕ್ಷ್ಮ. ಫ್ರಾನ್ಸಿನ ಮಾರ್ಸೇಯ ಜ್ಯಾನ್-ಮಿಶೆಲ್ ಕ್ಲಾವೆರಿ ಮತ್ತು ಶಾಂತಾಲ್ ಅಬೆರ್ಜೆಲ್ 2014ರಲ್ಲಿ ಸೈಬೀರಿಯಾದ 30,000 ವರ್ಷ ಹಳೆಯ ಮಣ್ಣಿನಿಂದ ಪಿಥೊವೈರಸ್ ಎಂಬ ದೈತ್ಯ ವೈರಸ್ಸನ್ನು ಎಬ್ಬಿಸಿದರು. 2023ರಲ್ಲಿ ಅವರ ತಂಡ ಪ್ರಕಟಿಸಿದ ಇನ್ನೂ ಹದಿಮೂರರಲ್ಲಿ ಅತ್ಯಂತ ಹಳೆಯದರ ವಯಸ್ಸು ಸುಮಾರು 48,500 ವರ್ಷ. ಇವೆಲ್ಲ ಅಮೀಬಾಗಳಿಗೆ ಮಾತ್ರ ಸೋಂಕು ತಗುಲಿಸುತ್ತವೆ. ಹಾಗಾದದ್ದು ಆಕಸ್ಮಿಕವಲ್ಲ. ಮನುಷ್ಯರಿಗೆ ಅಂಟುವಂಥದ್ದನ್ನು ಹುಡುಕಿ ಎಬ್ಬಿಸುವ ಅಪಾಯ ಬೇಡವೆಂದು ಅವರು ಅಮೀಬಾವನ್ನೇ ಬಲೆಯಾಗಿ ಆರಿಸಿಕೊಂಡಿದ್ದರು. ಅಮೀಬಾದ ವೈರಸ್ ಇಷ್ಟು ಕಾಲ ಉಳಿದಿದ್ದರೆ ಪ್ರಾಣಿಗಳ ವೈರಸ್ ಉಳಿಯಬಾರದೆಂದೇನಿಲ್ಲ ಎಂದು ಕ್ಲಾವೆರಿ ಎಚ್ಚರಿಸಿದ್ದಾರೆ. ಅವರ ಮಾತಿಗೆ ತೂಕವಿದೆ. ‘ದಿ ಥಾ’ ಮಾದರಿಯ ಭಯವನ್ನು ಸಮರ್ಥಿಸಲು ಸಾಧ್ಯವಿರುವ ಗಟ್ಟಿ ವಾದ ಇದೊಂದೇ.

ಇದಕ್ಕೆ ಎದುರಾಗಿ ಅಲಾಸ್ಕಾದ ಒಂದು ಹಳ್ಳಿಯ ಕಥೆಯನ್ನಿಟ್ಟು ನೋಡಬೇಕು. ಬ್ರೆವಿಗ್ ಮಿಷನ್ ಕಡಲ ದಡದ ಪುಟ್ಟ ಊರು. 1918ರ ನವೆಂಬರಿನಲ್ಲಿ ಇನ್‌ಫ್ಲುಯೆಂಜಾ ಅಲ್ಲಿಗೆ ತಲುಪಿ, ಊರಿನ 80 ಮಂದಿಯಲ್ಲಿ 72 ಮಂದಿಯನ್ನು ಐದೇ ದಿನಗಳಲ್ಲಿ ಕೊಂದಿತು. ಅವರನ್ನು ಹೆಪ್ಪುಗಟ್ಟಿದ ನೆಲದಲ್ಲಿ ಸಾಮೂಹಿಕವಾಗಿ ಹೂಳಲಾಯಿತು. 1951ರಲ್ಲಿ ಅಯೋವಾ ವಿಶ್ವವಿದ್ಯಾಲಯದ ತರುಣ ಯೋಹಾನ್ ಹುಲ್ಟಿನ್ ಆ ಸಮಾಧಿಯನ್ನು ತೆರೆದು ಶ್ವಾಸಕೋಶದ ತುಣುಕುಗಳನ್ನು ತಂದರು. ಕೋಳಿಮೊಟ್ಟೆಯಲ್ಲಿ ಬೆಳೆಸಿದರು, ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗಳಿಗೆ ಕೊಟ್ಟು ನೋಡಿದರು. ವೈರಸ್ ಏಳಲಿಲ್ಲ. ಹೂತು ಮೂವತ್ತಮೂರು ವರ್ಷವಷ್ಟೇ ಆಗಿತ್ತು, ಹಿಮದ ಕಾವಲಿತ್ತು, ಎಬ್ಬಿಸಲೇಬೇಕೆಂದು ಹೊರಟ ಕೈಗಳಿದ್ದವು, ಆದರೂ ಏಳಲಿಲ್ಲ. 1997ರಲ್ಲಿ, 72ನೇ ವಯಸ್ಸಿನಲ್ಲಿ, ಊರಿನವರ ಅನುಮತಿ ಪಡೆದು ಹುಲ್ಟಿನ್ ಮತ್ತೆ ಅಗೆದರು. ಆ ಅಂಗಾಂಶದಲ್ಲಿ ಉಳಿದಿದ್ದ ಚೂರುಪಾರು ವಂಶವಾಹಿಯನ್ನು ಜೆಫ್ರಿ ಟೌಬೆನ್‌ಬರ್ಗರ್ ತಂಡ ಓದಿತು. 2005ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ಆ ಪಾಠದ ಆಧಾರದಿಂದ ವೈರಸ್ಸನ್ನು ಮರುನಿರ್ಮಿಸಲಾಯಿತು. ಹಿಮದ ಕೈಯಲ್ಲಿ ಆಗದ್ದನ್ನು ಮನುಷ್ಯರು ವಿದ್ಯೆಯಿಂದ ಮಾಡಿದರು. 1918ರ ಮಹಾಮಾರಿ ಇಂದು ಜೀವಂತವಾಗಿ ಎಲ್ಲಾದರೂ ಇದ್ದರೆ ಅದು ಬೀಗ ಹಾಕಿದ ಪ್ರಯೋಗಾಲಯದಲ್ಲಿದೆ, ಬ್ರೆವಿಗ್ ಮಿಷನ್ನಿನ ಸ್ಮಶಾನದಲ್ಲಲ್ಲ.

ಹಿಮ ಕರಗಿ ರೋಗವೆದ್ದು ಮನುಷ್ಯನ ಪ್ರಾಣ ಹೋದ ಪ್ರಸಂಗವೂ ನಡೆದಿದೆ. ಅದನ್ನು ತುಸು ನಿಂತು ನೋಡಬೇಕು, ಏಕೆಂದರೆ ಭಯಾನಕ ಶೀರ್ಷಿಕೆಗಳೆಲ್ಲ ಅಲ್ಲಿಂದಲೇ ಹುಟ್ಟಿದವು. 2016ರ ಬೇಸಿಗೆಯಲ್ಲಿ ರಷ್ಯಾದ ಯಮಾಲ್ ಪರ್ಯಾಯದ್ವೀಪದಲ್ಲಿ ಉಷ್ಣತೆ 35 ಡಿಗ್ರಿಗೆ ಏರಿತು. ಪರ್ಮಾಫ್ರಾಸ್ಟ್, ಅಂದರೆ ಬೇಸಿಗೆಯಲ್ಲೂ ಕರಗದೆ ವರ್ಷಗಟ್ಟಲೆ ಹೆಪ್ಪುಗಟ್ಟಿಯೇ ಇರುವ ನೆಲ, ಎಂದಿಗಿಂತ ಆಳಕ್ಕೆ ಕರಗಿತು. ಹಿಂದೆಂದೋ ಆಂಥ್ರಾಕ್ಸ್‌ನಿಂದ ಸತ್ತ ಹಿಮಸಾರಂಗಗಳಿದ್ದ ಮಣ್ಣಿನಿಂದ ಬೀಜಕಣಗಳು ಮೇಲೆ ಬಂದವೆಂಬುದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳು ಸತ್ತವು. ಅವುಗಳನ್ನು ಮೇಯಿಸುತ್ತ ಗುಡಾರ ಸಾಗಿಸುವ ನೆನೆತ್ಸ್ ಜನರಲ್ಲಿ ಹಲವಾರು ಮಂದಿ ಆಸ್ಪತ್ರೆ ಸೇರಿದರು. ಹನ್ನೆರಡು ವರ್ಷದ ಒಬ್ಬ ಹುಡುಗ ತೀರಿಕೊಂಡ. ಸೈನಿಕರು ರಕ್ಷಣಾ ಉಡುಪು ತೊಟ್ಟು ಬಯಲಿನಲ್ಲಿ ಕಳೇಬರಗಳನ್ನು ಸುಟ್ಟರು. ಸಿನಿಮಾಕ್ಕೆ ಬೇಕಾದ ದೃಶ್ಯಗಳೆಲ್ಲ ಅಲ್ಲಿದ್ದವು.

ಸಿನಿಮಾ ತೋರಿಸಲಾರದ ಸಂಗತಿ ಬೇರೊಂದಿದೆ. ಯಮಾಲ್‌ನಲ್ಲಿ ಅದಕ್ಕೂ ಮೊದಲು ಆಂಥ್ರಾಕ್ಸ್ ಕಾಣಿಸಿದ್ದು 1941ರಲ್ಲಿ. ದಶಕಗಳ ಕಾಲ ರೋಗ ಕಾಣದ್ದರಿಂದ ಹಿಮಸಾರಂಗಗಳಿಗೆ ಹಾಕುತ್ತಿದ್ದ ಲಸಿಕೆಯನ್ನು 2007ರಲ್ಲಿ ನಿಲ್ಲಿಸಲಾಗಿತ್ತು. ಲಸಿಕೆಯಿಲ್ಲದೆ ಹುಟ್ಟಿ ಬೆಳೆದ ಹಿಂಡುಗಳು, ಮೇವಿಗೆ ಮೀರಿ ಬೆಳೆದ ಹಿಂಡುಗಳು, ಆ ಮಣ್ಣಿನ ಮೇಲೆ ಮೇಯುತ್ತಿದ್ದವು. ಬೇಸಿಗೆಯ ಬಿಸಿ ಬೀಜಕಣವನ್ನು ಮೇಲೆ ತಂದಿತು ನಿಜ, ಆದರೆ ಅದು ಮಹಾಮಾರಿಯಾಗಿ ಹಬ್ಬಲು ದಾರಿ ಮಾಡಿಕೊಟ್ಟದ್ದು ಕಚೇರಿಯಲ್ಲಿ ಕೂತು ಮಾಡಿದ ಒಂದು ತೀರ್ಮಾನ. ಆಂಥ್ರಾಕ್ಸ್‌ಗೆ ಹಿಮವೇ ಬೇಕೆಂದೂ ಇಲ್ಲ. ನಮ್ಮ ದನ ಸಾಕುವವರು ನೆರಡಿ ರೋಗವೆಂದು ಕರೆಯುವುದು ಇದನ್ನೇ. ಹಿಮದ ಹೆಸರೇ ಕೇಳದ ಕರ್ನಾಟಕದ ಬಯಲು ನೆಲದಲ್ಲೂ ಇದರ ಬೀಜಕಣ ವರ್ಷಗಟ್ಟಲೆ ಬದುಕಿರುತ್ತದೆ. ಪಶುವೈದ್ಯರು ಲಸಿಕೆ ಹಾಕುವ ಊರಿನಲ್ಲಿ ಅದು ಮಣ್ಣಿನಲ್ಲೇ ಉಳಿಯುತ್ತದೆ. ಯಮಾಲ್‌ನ ಹುಡುಗನ ಸಾವಿಗೆ ಪುರಾತನ ಶಾಪ ಕಾರಣವೆಂದು ಬರೆಯುವುದು ಆ ನೆನೆತ್ಸ್ ಕುಟುಂಬಕ್ಕೆ ಮಾಡುವ ಅನ್ಯಾಯ. ತಪ್ಪಿಸಬಹುದಾಗಿದ್ದ ಸಾವು ಅದು.

ಹಾಗಾದರೆ ಉತ್ತರ ಧ್ರುವದಲ್ಲಿ ಬಿಸಿಯೇರಿದ್ದರಿಂದ ನಿಜಕ್ಕೂ ಬಲಿತ ಪರಾವಲಂಬಿ ಯಾವುದೂ ಇಲ್ಲವೇ? ಇದೆ. ಅದರ ಬಗ್ಗೆ ಸಿನಿಮಾ ಬಂದಿಲ್ಲ, ಬರುವಂತೆಯೂ ತೋರುವುದಿಲ್ಲ. ಕೆನಡಾದ ಉತ್ತರದ ಬಯಲುಗಳಲ್ಲಿ ಮಸ್ಕ್ ಆಕ್ಸ್ ಎಂಬ, ನೆಲ ಮುಟ್ಟುವಷ್ಟು ಉದ್ದ ರೋಮದ, ದನದಂಥ ಪ್ರಾಣಿಯಿದೆ. ಅದರ ಶ್ವಾಸಕೋಶದಲ್ಲಿ ಗಂಟು ಕಟ್ಟಿಕೊಂಡು ಬಾಳುವ ಒಂದು ಹುಳುವಿದೆ. ವಿಜ್ಞಾನಿಗಳು ಉಮಿಂಗ್‌ಮಾಕ್‌ಸ್ಟ್ರಾಂಗೈಲಸ್ ಎನ್ನುತ್ತಾರೆ. ಅದರ ಮರಿಗಳು ಸಗಣಿಯಲ್ಲಿ ಹೊರಬಿದ್ದು, ಚಿಪ್ಪಿಲ್ಲದ ಬಸವನಹುಳುವಿನ ಅಂಗಾಲನ್ನು ಕೊರೆದು ಒಳಸೇರುತ್ತವೆ. ಅಲ್ಲಿ ಬಲಿಯಲು ಅವಕ್ಕೆ ಬಿಸಿ ಬೇಕು. ಹುಲ್ಲಿನ ಜೊತೆ ಆ ಬಸವನಹುಳುವನ್ನು ಮೇದ ಪ್ರಾಣಿಯ ಶ್ವಾಸಕೋಶಕ್ಕೆ ಹುಳು ಮತ್ತೆ ಸೇರುತ್ತದೆ. ಹಿಂದೆ ಉತ್ತರದ ಬೇಸಿಗೆ ಎಷ್ಟು ಚಿಕ್ಕದಾಗಿತ್ತೆಂದರೆ, ಬಸವನಹುಳುವಿನೊಳಗೆ ಬಲಿಯುವುದಕ್ಕೇ ಅದಕ್ಕೆ ಎರಡು ಬೇಸಿಗೆ ಹಿಡಿಯುತ್ತಿತ್ತು. ಚಳಿಗಾಲದಲ್ಲಿ ಬಹುಪಾಲು ಸಾಯುತ್ತಿದ್ದವು. ಕ್ಯಾಲ್ಗರಿ ವಿಶ್ವವಿದ್ಯಾಲಯದ ಸೂಸನ್ ಕುಟ್ಜ್ ಮತ್ತು ಸಂಗಡಿಗರು ತೋರಿಸಿದಂತೆ, ಬೇಸಿಗೆ ಬೆಚ್ಚಗಾಗುತ್ತಿದ್ದಂತೆ ಆ ಎರಡು ವರ್ಷ ಒಂದೇ ವರ್ಷಕ್ಕೆ ಇಳಿಯಿತು. ಅದುವರೆಗೆ ಮುಖ್ಯ ಭೂಭಾಗದಲ್ಲಷ್ಟೇ ಇದ್ದ ಹುಳು 2008ರ ಹೊತ್ತಿಗೆ ಸಮುದ್ರದಾಚೆಯ ವಿಕ್ಟೋರಿಯಾ ದ್ವೀಪದಲ್ಲೂ ಕಾಣಿಸಿಕೊಂಡಿತು.

ಈ ಹುಳು ಎಲ್ಲಿಯೂ ನಿದ್ರಿಸಿರಲಿಲ್ಲ. ಹಿಮದಿಂದ ಎದ್ದು ಬಂದದ್ದಲ್ಲ. ಸದಾ ಅಲ್ಲಿಯೇ ಇತ್ತು. ಅದನ್ನು ಹಿಡಿತದಲ್ಲಿಟ್ಟಿದ್ದ ಚಳಿ ಸಡಿಲವಾಯಿತು, ಅಷ್ಟೇ. ಬ್ಯಾಂಕ್ಸ್ ಮತ್ತು ವಿಕ್ಟೋರಿಯಾ ದ್ವೀಪಗಳಲ್ಲಿ 2010ರಿಂದ ಈಚೆಗೆ ಮಸ್ಕ್ ಆಕ್ಸ್‌ಗಳು ದೊಡ್ಡ ಸಂಖ್ಯೆಯಲ್ಲಿ ಸತ್ತು ಬಿದ್ದಾಗ ಕಾರಣವೆಂದು ಗುರುತಾದದ್ದು ಎರಿಸಿಪೆಲೊಥ್ರಿಕ್ಸ್ ಎಂಬ ಬ್ಯಾಕ್ಟೀರಿಯಾ, ಹಂದಿ ಮತ್ತು ಕೋಳಿ ಸಾಕುವವರಿಗೆ ಜಗತ್ತಿನ ಎಲ್ಲೆಡೆ ಪರಿಚಿತವಾದದ್ದು. ಸತ್ತ ಪ್ರಾಣಿಗಳನ್ನು ಮೊದಲು ಕಂಡವರಲ್ಲಿ ಆ ನೆಲದ ಇನುವಿಟ್ ಬೇಟೆಗಾರರೂ ಇದ್ದರು. ಮಾಂಸ, ಉಣ್ಣೆ, ದುಡಿಮೆ ಮೂರನ್ನೂ ಕೊಡುವ ಪ್ರಾಣಿ ಅವರ ಕಣ್ಣೆದುರೇ ಕಡಿಮೆಯಾಯಿತು. ಚರ್ಮದಡಿ ಹರಿದಾಡುವ ಹುಳುವಿನಷ್ಟು ಇದು ಮೈ ನಡುಗಿಸುವುದಿಲ್ಲ. ಆದರೆ ಬದುಕು ಬುಡಮೇಲಾಗುವುದು ಹೀಗೆ, ಒಂದು ಬೇಸಿಗೆಯಿಂದ ಇನ್ನೊಂದಕ್ಕೆ.

ದೂರದ ಚಳಿಯ ನಾಡಿನ ಮೇಲೆ ಸಂಶಯ ಹೊರಿಸಿ ಹತ್ತಿರದ ಕಾರಣವನ್ನು ತಡವಾಗಿ ಕಂಡುಕೊಂಡ ಅನುಭವ ಕರ್ನಾಟಕಕ್ಕೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರು ಜ್ವರ, ಮೈಕೈ ನೋವು, ರಕ್ತಸ್ರಾವದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ಸನ್ನು ಬೇರ್ಪಡಿಸಿ ನೋಡಿದರೆ, ಅದು ರಷ್ಯಾದ ಕಾಡುಗಳ ಉಣುಗುಗಳು ಹರಡುವ ಮೆದುಳುಜ್ವರದ ವೈರಸ್‌ನ ಬಂಧು. ಸೈಬೀರಿಯಾದ ಓಮ್ಸ್ಕ್ ರಕ್ತಸ್ರಾವ ಜ್ವರದ್ದೂ ಅದೇ ಬಳಗ. ಅಲ್ಲಿಂದ ಮಲೆನಾಡಿಗೆ ಇದು ಬಂದದ್ದು ಹೇಗೆ? ಚಳಿಗಾಲದಲ್ಲಿ ವಲಸೆ ಬರುವ ಹಕ್ಕಿಗಳ ಮೈಮೇಲಿನ ಉಣುಗುಗಳೇ ಹೊತ್ತು ತಂದಿರಬೇಕೆಂಬ ಊಹೆ ಬಲವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಗೆ ಕೈಹಾಕಲು ಈ ಊಹೆಯೂ ಕಾರಣ. ಹಕ್ಕಿಗಳ ವಲಸೆಯ ಬಗ್ಗೆ ನಮಗೆ ಅಪಾರ ತಿಳಿವಳಿಕೆ ಸಿಕ್ಕಿತು. ಹಕ್ಕಿಗಳು ರೋಗ ತಂದವೆಂಬುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ.

ಕಾಡಿನಲ್ಲೇ ಕೂತು ನೋಡಿದವರಿಗೆ ಬೇರೆಯದೇ ಕಂಡಿತು. ಸಂಶೋಧಕ ಹೋರ್ಹೆ ಬೊಷೆಲ್ 1969ರಲ್ಲಿ ಬರೆದ ಲೇಖನದಲ್ಲಿ ಅದನ್ನು ಮುಂದಿಟ್ಟರು. ಕಾಡು ಕಡಿದು ಗದ್ದೆ, ಹೊಸ ವಸತಿಗಳು ಎದ್ದವು. ದನಗಳು ಕಾಡಿನ ಒಳಗೊಳಗೆ ಮೇಯಲು ಹೋದವು. ಬಲಿತ ಉಣುಗಿಗೆ ದನದ ರಕ್ತ ಬೇಕು. ದನಗಳು ಹೆಚ್ಚಿದಷ್ಟೂ ಉಣುಗಿನ ಸಂತಾನ ಹೆಚ್ಚಿತು. ತರಗೆಲೆಯ ಮೇಲೆ ಕಾದು ಕೂತ ಎಳೆಯ ಉಣುಗುಗಳು ಮಂಗಗಳಿಗೂ, ಸೊಪ್ಪು ಸೌದೆಗೆ ಹೋದ ಹೆಂಗಸರಿಗೂ ಹತ್ತಿಕೊಂಡವು. ಎಂದಿನಿಂದಲೋ ಕಾಡಿನಲ್ಲಿ ಸದ್ದಿಲ್ಲದೆ ಇದ್ದಿರಬಹುದಾದ ವೈರಸ್ ನಮ್ಮ ಬದುಕಿನ ಬದಲಾವಣೆಯಿಂದ ನಮ್ಮ ಮೈಗೆ ಬಂತು. ಮಸ್ಕ್ ಆಕ್ಸ್‌ನ ಹುಳುವಿಗೂ ಮಲೆನಾಡಿನ ಉಣುಗಿಗೂ ಸಾವಿರಾರು ಮೈಲಿ ಅಂತರವಿದ್ದರೂ ಇಲ್ಲಿ ಅವು ಒಂದಾಗುತ್ತವೆ. ಬಸವನಹುಳುವಿಗೆ ಒಂದು ಬೆಚ್ಚನೆಯ ಬೇಸಿಗೆ ಸಿಕ್ಕಿತು, ಉಣುಗಿಗೆ ಒಂದು ದನ ಸಿಕ್ಕಿತು.

ಹಿಮದಡಿ ಎಚ್ಚರಗೊಳ್ಳುತ್ತಿರುವ ಜೀವಿಗಳಲ್ಲಿ ಅತ್ಯಂತ ಅಪಾಯಕಾರಿಯಾದವು ಯಾವುವು ಎಂದು ಕೇಳಿದರೆ ಉತ್ತರ ಇನ್ನೂ ಸಪ್ಪೆಯಾಗಿ ಕಾಣಬಹುದು. ಅವು ಪರಾವಲಂಬಿಗಳಲ್ಲ, ರೋಗಾಣುಗಳೂ ಅಲ್ಲ. ಎಲೆ, ಬೇರು, ಹುಲ್ಲನ್ನು ಕೊಳೆಸುವ ಸಾಮಾನ್ಯ ಮಣ್ಣಿನ ಸೂಕ್ಷ್ಮಜೀವಿಗಳು. ಉತ್ತರದ ಹೆಪ್ಪುಗಟ್ಟಿದ ನೆಲದಲ್ಲಿ ಸುಮಾರು ಒಂದೂವರೆ ಲಕ್ಷ ಕೋಟಿ ಟನ್ ಇಂಗಾಲವಿದೆ, ಇಡೀ ವಾತಾವರಣದಲ್ಲಿರುವುದರ ಹೆಚ್ಚುಕಡಿಮೆ ಎರಡು ಪಟ್ಟು. ಕೊಳೆಯಲು ಸಮಯ ಸಿಗದೆ ಉಳಿದ ಸಾವಿರಾರು ಬೇಸಿಗೆಗಳ ಹುಲ್ಲು ಅದು. 1979ರಿಂದ ಈಚೆಗೆ ಉತ್ತರ ಧ್ರುವ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ನೆಲ ಕರಗಿದಂತೆ ಈ ಸೂಕ್ಷ್ಮಜೀವಿಗಳು ಊಟಕ್ಕೆ ಕೂರುತ್ತವೆ. ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್ ಬಿಡುತ್ತವೆ. ಗಾಳಿ ಇನ್ನಷ್ಟು ಬಿಸಿಯಾಗುತ್ತದೆ. ನೆಲ ಇನ್ನಷ್ಟು ಕರಗುತ್ತದೆ. ಇವಕ್ಕೆ ಕೋರೆಹಲ್ಲಿಲ್ಲ. ಯಾರ ಚರ್ಮವನ್ನೂ ಕೊರೆಯುವುದಿಲ್ಲ. ಆದರೂ ರಾಯಚೂರಿನ ಬೇಸಿಗೆಗೂ ಕರಾವಳಿಯ ಕಡಲಿನ ಮಟ್ಟಕ್ಕೂ ಇವು ಮಾಡುವ ಕೆಲಸ ತಲುಪುತ್ತದೆ.

ಇಂಥದ್ದನ್ನು ಭಯಾನಕ ಚಿತ್ರ ತೋರಿಸಲಾರದು. ಅದರ ಕಟ್ಟಡವೇ ಬೇರೆ ಬಗೆಯದು. ಅದಕ್ಕೆ ಕೊನೆಯಲ್ಲಿ ಸುಡಬಹುದಾದ ಒಂದು ಮೈ ಬೇಕು, ಮುಚ್ಚಬಹುದಾದ ಒಂದು ಬಾಗಿಲು ಬೇಕು. ‘ದಿ ಥಿಂಗ್’ನಲ್ಲಿ ಬೆಂಕಿಯುಗುಳುವ ಯಂತ್ರ ಹಿಡಿದವರಾಗಲಿ, ‘ದಿ ಥಾ’ದ ಮಗಳಾಗಲಿ ಮಾಡುವುದು ಅದನ್ನೇ. ಕರಗುವ ನೆಲಕ್ಕೆ ಹಾಗೆ ಸುಡಬಹುದಾದ ಮೈಯಿಲ್ಲ, ಮುಚ್ಚಬಹುದಾದ ಬಾಗಿಲಿಲ್ಲ. ರಾಕ್ಷಸ ಸತ್ತನೆಂದು ಪ್ರೇಕ್ಷಕ ಎದ್ದು ಮನೆಗೆ ಹೋಗುತ್ತಾನೆ. ಸಾಯಲಿಲ್ಲವೆಂಬ ಸುಳಿವು ಸಿಕ್ಕರೆ ಎರಡನೇ ಭಾಗಕ್ಕೆ ಕಾಯುತ್ತಾನೆ. ಎರಡರಲ್ಲೂ ಅವನು ಮಾಡಬೇಕಾದ್ದೇನೂ ಇಲ್ಲ.

ಕ್ರೂಯ್ಪೆನ್‌ನ ಲೆಕ್ಕಾಚಾರ ಸೋಲುವುದೂ ಇಲ್ಲಿಯೇ. ಆ ಚಿತ್ರ ಬಂದ ಹನ್ನೊಂದನೇ ವರ್ಷಕ್ಕೆ ಆತ ಬಯಸಿದಂಥ ಪರೀಕ್ಷೆ ಇಡೀ ಜಗತ್ತಿಗೆ ಎದುರಾಯಿತು. ಕೋವಿಡ್‌ನಿಂದ ಲಕ್ಷಾಂತರ ಜನ ಸತ್ತರು, ಭಯ ಮನೆಮನೆಗೂ ಬಂತು. 2020ರಲ್ಲಿ ಜಗತ್ತಿನ ಇಂಗಾಲದ ಹೊಗೆ ಶೇಕಡ 5ರಷ್ಟು ಇಳಿಯಿತು. 2021ರಲ್ಲಿ ಹೆಚ್ಚುಕಡಿಮೆ ಮತ್ತೆ ಹಳೆಯ ಮಟ್ಟಕ್ಕೆ ಏರಿತು, ಆಮೇಲೆ ಅದನ್ನೂ ಮೀರಿತು. ಹೆದರಿದ ಮನುಷ್ಯ ಬಾಗಿಲು ಹಾಕಿಕೊಳ್ಳುತ್ತಾನೆ, ನೆರೆಯವನನ್ನು ಅನುಮಾನಿಸುತ್ತಾನೆ; ಅಪಾಯ ಕಳೆಯಿತೆಂದು ಅನಿಸಿದ ಕೂಡಲೇ ಹಳೆಯ ದಾರಿಗೆ ಓಡುತ್ತಾನೆ. ಭಯ ಅವಸರದ ಕೆಲಸಕ್ಕೆ ಒಳ್ಳೆಯದು. ಹಿಮ ಕರಗುವುದು ಅವಸರದ ಕೆಲಸದಿಂದ ಸರಿಹೋಗುವ ಸಂಗತಿಯಲ್ಲ; ಅದನ್ನು ತಡೆಯುವುದು ಮೂವತ್ತು ನಲವತ್ತು ವರ್ಷ ಬೇಸರವಿಲ್ಲದೆ ಮಾಡಬೇಕಾದ ಕೆಲಸ. ತನ್ನ ಮಾತು ಕೇಳಿಸಲಿಲ್ಲವೆಂದು ಕೆಲವರನ್ನು ಬಲಿಕೊಡಲು ಹೊರಟ ಆ ವಿಜ್ಞಾನಿಯ ನೋವು ನನಗೆ ಅರ್ಥವಾಗುತ್ತದೆ. ಆತನ ವಾದದ ಕ್ರೌರ್ಯವನ್ನು ಮಾತ್ರ ನಾನು ಒಪ್ಪಲಾರೆ. ಆ ಬಲಿಯಲ್ಲಿ ಮೊದಲು ಸಾಯುವವರು ಯಾರೆಂದು ಯಮಾಲ್ ತೋರಿಸಿದೆ: ಹೊಗೆ ಉಗುಳಿದವರಲ್ಲ, ಗುಡಾರದಲ್ಲಿ ಮಲಗಿದವರು.

ಆಗಬೇಕಾದ ಕೆಲಸಗಳಲ್ಲಿ ನಾಟಕೀಯವಾದದ್ದೇನೂ ಇಲ್ಲ. ಹಿಂಡುಗಳಿಗೆ ಲಸಿಕೆ, ಸತ್ತ ಪ್ರಾಣಿಗಳ ಲೆಕ್ಕ, ಬೇಟೆಗಾರರ ಮಾತಿಗೆ ಬೆಲೆ ಕೊಡುವ ಪ್ರಯೋಗಾಲಯ, ಮಣ್ಣಿನ ಉಷ್ಣತೆಯನ್ನು ವರ್ಷವರ್ಷವೂ ಬರೆದಿಡುವ ಕೈ. ಇವುಗಳಲ್ಲೂ ಹಿನ್ನಡೆಯಾಗಿದೆ. ಉತ್ತರ ಧ್ರುವ ಸಾಗರದ ಕರಾವಳಿಯ ಅರ್ಧಕ್ಕಿಂತ ಹೆಚ್ಚು ಭಾಗ ರಷ್ಯಾದ್ದು. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರ ಮಾರ್ಚ್‌ನಲ್ಲಿ, ಆ ಪ್ರದೇಶದ ದೇಶಗಳ ಕೂಟವಾದ ಆರ್ಕ್‌ಟಿಕ್ ಕೌನ್ಸಿಲಿನ ಉಳಿದ ಏಳು ದೇಶಗಳು ರಷ್ಯಾದ ಜೊತೆಗಿನ ಕೆಲಸ ನಿಲ್ಲಿಸಿದವು. ಸೈಬೀರಿಯಾದ ಮಣ್ಣು ಪಶ್ಚಿಮದ ಪ್ರಯೋಗಾಲಯಗಳಿಗೆ ಮೊದಲಿನಂತೆ ತಲುಪುತ್ತಿಲ್ಲ. ಯುದ್ಧವನ್ನು ಖಂಡಿಸುವುದು ನ್ಯಾಯವೇ. ಆದರೆ ಹೆಪ್ಪುಗಟ್ಟಿದ ನೆಲದ ಅತಿ ದೊಡ್ಡ ಭಾಗದ ಮೇಲಿನ ಕಣ್ಣು ಮಂಕಾಗಿರುವುದು ಎಲ್ಲರ ನಷ್ಟ. ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ 2008ರಿಂದ ‘ಹಿಮಾದ್ರಿ’ ಕೇಂದ್ರ ನಡೆಸುತ್ತಿರುವ, 2013ರಿಂದ ಆ ಕೌನ್ಸಿಲಿನಲ್ಲಿ ವೀಕ್ಷಕ ಸ್ಥಾನವಿರುವ, ರ‍ಷ್ಯಾದ ಜೊತೆಗೂ ಮಾತುಕತೆ ಉಳಿಸಿಕೊಂಡಿರುವ ಭಾರತ ಈ ವಿಷಯದಲ್ಲಿ ಸೇತುವೆಯಾಗಬಹುದು. ವಿಜ್ಞಾನದ ಮಟ್ಟಿಗಾದರೂ ಆಗಲೇಬೇಕು.

ನಮ್ಮ ಮನೆಯ ಕೆಲಸವೂ ಬಾಕಿಯಿದೆ. ಕ್ಯಾಸನೂರು ಕಾಡಿನ ಆ ಜ್ವರ, ಅಂದರೆ ಮಂಗನ ಕಾಯಿಲೆ, ಈಗ ಶಿವಮೊಗ್ಗಕ್ಕೆ ಸೀಮಿತವಲ್ಲ. ಉತ್ತರ ಕನ್ನಡ, ಚಿಕ್ಕಮಗಳೂರು, ಕೇರಳದ ವಯನಾಡು, ಗೋವಾದವರೆಗೆ ಹಬ್ಬಿದೆ. 2019ರ ಆಸುಪಾಸಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತಲ ಮನೆಗಳು ಅನುಭವಿಸಿದ ಸಂಕಟವನ್ನು ಮಲೆನಾಡು ಮರೆತಿಲ್ಲ. ದಶಕಗಳಿಂದ ಕೊಡುತ್ತಿದ್ದ ಹಳೆಯ ಲಸಿಕೆ ಸಾಕಷ್ಟು ಕಾಯುವುದಿಲ್ಲವೆಂದು ಕಂಡುಬಂದು ಅದರ ಬಳಕೆ ನಿಂತಿದೆ. ಹೊಸದರ ಪ್ರಯತ್ನ ನಡೆದಿದೆ. ಅಲ್ಲಿಯವರೆಗೆ ಕಾಡಿಗೆ ಹೋಗುವವರಿಗೆ ಆಸರೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಮತ್ತು ಎಚ್ಚರ. ಯಮಾಲ್‌ನಲ್ಲಿ ಒಂಬತ್ತು ವರ್ಷ ಲಸಿಕೆ ನಿಂತದ್ದಕ್ಕೆ ಒಂದು ಮಗು ಬೆಲೆ ತೆತ್ತಿತು, 2016ರ ನಂತರ ಅಲ್ಲಿ ಲಸಿಕೆ ಮತ್ತೆ ಶುರುವಾಯಿತು. ಮಲೆನಾಡಿನ ಜನ ಅಂಥ ಇನ್ನೊಂದು ಬೆಲೆ ತೆರುವ ಮೊದಲೇ ಹೊಸ ಲಸಿಕೆಯ ಪರೀಕ್ಷೆಗಳನ್ನು ಮುಗಿಸಿ ಅವರ ಕೈಗೆ ಮುಟ್ಟಿಸುವುದು ಸರ್ಕಾರದ ಹೊಣೆ. ಅದನ್ನು ಪ್ರತಿ ಚಳಿಗಾಲವೂ, ಉಣುಗಿನ ಕಾಲ ಶುರುವಾಗುವ ಮೊದಲೇ, ಕೇಳುತ್ತಿರುವುದು ನಮ್ಮ ಹೊಣೆ.